ಬೀಗವಿಲ್ಲದ ಫೋಲ್ಡರ್

ನೆನಪುಗಳನ್ನು ತಲೆಯಲ್ಲಿಟ್ಟುಕೊಳ್ಳುವ ಕಾಲ ಮುಗಿದಿತ್ತು. ಎಲ್ಲರೂ ಅವನ್ನು ತಮ್ಮ ಕಚೇರಿಯ ಸರ್ವರ್‌ನಲ್ಲಿಡುತ್ತಿದ್ದರು. ದಾವಣಗೆರೆಯ ಆ ಪುಟ್ಟ ವಿಮಾ ಕಚೇರಿಗೆ ಉಚಿತ ತಂತ್ರಾಂಶದ ಹೊಸ ಸರ್ವರ್ ಕೂರಿಸಿದ ಇಮ್ತಿಯಾಜ್ ಕೇಳಿದ: "ಒಬ್ಬೊಬ್ಬರ ಫೋಲ್ಡರಿಗೂ ಬೇರೆ ಬೀಗ ಹಾಕ್ಲಾ ಸಾರ್?"

"ಬ್ಯಾಡಪ್ಪ, ನಾವು ಡಬ್ಬೀನೂ ಹಂಚ್ಕೊಂಡು ಉಣ್ಣೋರು," ಎಂದರು ಮ್ಯಾನೇಜರ್ ಹಾಲಪ್ಪ.

ಮಗಳು ತೀರಿಕೊಂಡಾಗಿನಿಂದ ಟೈಪಿಸ್ಟ್ ದಾಕ್ಷಾಯಣಿ ತುತ್ತು ಬಾಯಿಗಿಟ್ಟರೆ ಅಳುತ್ತಿದ್ದಳು. ಅಂದು ಅವಳು ಕೈತೊಳೆಯಲು ಎದ್ದಾಗ ಹಾಲಪ್ಪನವರು ಅವಳ ಫೋಲ್ಡರ್ ತೆರೆದು ಆ ಸಾವಿನ ನೆನಪನ್ನು ಅಳಿಸಿದರು. "ಪಾಪ, ಇನ್ನಾದ್ರೂ ಉಣ್ಲಿ."

ಸಂಜೆ ದಾಕ್ಷಾಯಣಿ ನಗುತ್ತ ಚೀಲ ಹೆಗಲಿಗೇರಿಸಿದಳು. "ಸ್ಕೂಲ್ ಬಿಡೋ ಹೊತ್ತಾತು ಸಾರ್. ಮಗಳು ಗೇಟಿನ ಹತ್ರ ಕಾಯ್ತಿರ್ತಾಳೆ."

ಅವಳು ಮೆಟ್ಟಿಲಿಳಿದ ಮೇಲೆ ಇಮ್ತಿಯಾಜ್ ಮೆಲ್ಲಗೆ ಹೇಳಿದ: "ಅವರ ಫೋಲ್ಡರಿನ ಹಳೇ ಪ್ರತಿ ಇದೆ ಸಾರ್. ವಾಪಸ್ ಹಾಕ್ಲಾ?"

ಹಾಲಪ್ಪನವರು ಕಿಟಕಿಯಿಂದ ಅವಳ ಅವಸರದ ನಡಿಗೆಯನ್ನೇ ನೋಡುತ್ತಿದ್ದರು.

"ಹಾಕು. ಗೇಟ್ ಮುಟ್ಟೋದ್ರೊಳಗೆ ಹಾಕು."