ಇಪ್ಪತ್ತೊಂಬತ್ತನೆಯ ಗಂಟು

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ ಎಂಬ ಅಳುಕು ಈಗಲೂ ಹೋಗಿಲ್ಲ, ತಪ್ಪಿದ್ದರೆ ಕ್ಷಮಿಸಬೇಕು. ನಾನು ವಸ್ತುಸಂಗ್ರಹಾಲಯದಲ್ಲಿ ಫಲಕ ಬರೆಯುವವನು, ವಿದ್ವಾಂಸನಲ್ಲ. ನಾಲ್ಕಕ್ಷರ ಕಲಿತದ್ದು ಸಂಜೆ ಕಾಲೇಜಿನಲ್ಲಿ, ಅದೂ ಸಂಗ್ರಹಾಲಯದ ಸಂಶೋಧಕಿ, ನಮ್ಮ ಮೇಡಂ, ಎದುರು ಕೂರಿಸಿಕೊಂಡು ಅರ್ಜಿ ತುಂಬಿಸಿದ್ದರಿಂದ. ಆ ಮೇಡಂ ಅವರ ಒಂಬತ್ತು ವರ್ಷದ ಕೆಲಸದ ಬಗ್ಗೆಯೇ ನಾನು ಬಾಯಿ ತೆರೆಯಬೇಕಾಗಿ ಬಂತು.

ಮರುದಿನ ಪ್ರದರ್ಶನ ಶುರು. ಗಾಜಿನ ಪೆಟ್ಟಿಗೆಯೊಳಗೆ, ಒಣ ಗುಹೆಯೊಂದರಲ್ಲಿ ಸಿಕ್ಕ ಎರಡು ಮೊಳದ ನಾರಿನ ಹಗ್ಗ. ಕೆಳಗೆ ನಾನೇ ಬರೆದ ಫಲಕ: ‘ಚಂದ್ರನ ತಿಂಗಳನ್ನು ಎಣಿಸುವ ಹಗ್ಗ. ಇಪ್ಪತ್ತೊಂಬತ್ತು ಗಂಟು, ಇಪ್ಪತ್ತೊಂಬತ್ತು ರಾತ್ರಿ.’ ನಾನು ಕೊನೆಯ ತಿರುಪು ಬಿಗಿಯುತ್ತಿದ್ದೆ. ಅದೇ ಕೋಣೆಯ ಚಾವಣಿಗೆ ಬಣ್ಣ ಹೊಡೆಯಲು ಕಟ್ಟಿದ್ದ ಸಾರವೆಯನ್ನು ಬಿಚ್ಚುತ್ತಿದ್ದ ನನ್ನ ಭಾವ ಕೆಳಗಿಳಿದು ಬಂದು ಗಾಜಿಗೆ ಮೂಗು ಒತ್ತಿದರು.

“ಏನಪ್ಪಾ ಪಂಡಿತ, ನಮ್ಮ ಹಗ್ಗ ಕದ್ದು ಗಾಜೊಳಗೆ ಇಟ್ಟಿದ್ದೀಯಲ್ಲ?”

“ಮೆತ್ತಗೆ ಮಾತಾಡಿ ಭಾವ. ಅದು ಎರಡು ಸಾವಿರ ವರ್ಷ ಹಳೇದು.”

“ಇರ್ಲಿ ಬಿಡು. ಯಾರಿಗೆ ಕಲಿಸ್ತಿದ್ರು?”

“ಕಲಿಸೋದೇನು ಬಂತು? ಅದು ಚಂದ್ರನ ಲೆಕ್ಕ.”

“ನಿನ್ನ ತಲೆ! ನಿಮ್ಮಕ್ಕನ ಮಗಳಿಗೆ ನಾನು ಗಂಟು ಕಲಿಸಿದ ಹಗ್ಗ ಮನೇಲಿ ಹೀಗೇ ಇದೆ. ನಾನೊಂದು ಹಾಕೋದು, ಪಕ್ಕದಲ್ಲೇ ಅವಳೊಂದು ಹಾಕೋದು. ಅವಳು ಎಡಚಿ ಅಲ್ವಾ, ನಂದು ಬಲಕ್ಕೆ ತಿರುಗಿದ್ರೆ ಅವಳದ್ದು ಎಡಕ್ಕೆ. ಇಲ್ಲಿ ನೋಡು, ಒಂದು ಬಲ, ಒಂದು ಎಡ. ಮತ್ತೆ ಬಲ, ಮತ್ತೆ ಎಡ. ಹೋಗ್ತಾ ಹೋಗ್ತಾ ಕಷ್ಟದ ಗಂಟು.”

ನಾನೂ ಗಾಜಿಗೆ ಬಗ್ಗಿ ನೋಡಿದೆ. ಎಡ, ಬಲ ಎಂಬುದು ಮೇಡಂ ಅವರಿಗೂ ಗೊತ್ತಿತ್ತು; ಕತ್ತಲಲ್ಲಿ ಬೆರಳು ಎಣಿಕೆ ತಪ್ಪದಿರಲೆಂದು ಹಾಗೆ ಹಾಕಿದ್ದಾರೆ ಎಂದು ಬರೆದಿದ್ದರು. ಈ ಹಗ್ಗದ ಬಗ್ಗೆ ಅವರ ಪುಸ್ತಕ ಅಚ್ಚಿಗೆ ಹೋಗಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿ, ಭಾವನ ಮಾತೇ ಸುಳ್ಳಾದರೆ? ಮೆಟ್ಟಿಲಲ್ಲಿ ಎರಡು ಸಲ ಹಿಂದಕ್ಕೆ ಬಂದೆ. ಮೂರನೆಯ ಸಲ ಅವರ ಬಾಗಿಲು ತಟ್ಟಿ, ತಡವರಿಸುತ್ತ ಎಲ್ಲವನ್ನೂ ಹೇಳಿದೆ.

ಮೇಡಂ ಕನ್ನಡಕ ತೆಗೆದರು. “ನಿಮ್ಮ ಭಾವ ಏನು ಕೆಲಸ ಮಾಡ್ತಾರೆ?”

“ಸಾರವೆ ಕಟ್ಟೋರು ಮೇಡಂ.” ನನಗೆ ನಾಚಿಕೆಯಾಯಿತು. ನಾಚಿದ್ದಕ್ಕೆ ಇನ್ನೂ ನಾಚಿಕೆಯಾಯಿತು.

“ಅಂದ್ರೆ ಗಂಟು ನಂಬಿ ನಾಲ್ಕನೇ ಮಹಡಿ ಎತ್ತರದಲ್ಲಿ ನಿಲ್ಲೋರು,” ಎಂದು ಅವರು ಎದ್ದರು. “ಪೆಟ್ಟಿಗೆ ಬೀಗದಕೈ ತಗೊಳ್ಳಿ.”

ಭಾವನಿಗೆ ತೆಳ್ಳನೆಯ ಕೈಗವಸು ಕೊಟ್ಟೆವು. “ಇದನ್ನ ಹಾಕ್ಕೊಂಡು ಗಂಟು ನೋಡೋದು ಅಂದ್ರೆ ಕಿವಿಗೆ ಹತ್ತಿ ಇಟ್ಕೊಂಡು ಹಾಡು ಕೇಳಿದ ಹಾಗೆ,” ಎಂದು ಗೊಣಗಿದರೂ ತೊಟ್ಟರು. ಮಲಗಿದ ಕೂಸನ್ನು ಮುಟ್ಟುವವರಂತೆ ಒಂದೊಂದೇ ಗಂಟನ್ನು ಮುಟ್ಟಿದರು.

“ಬಲದ್ದು ಒಂದೇ ಸಲಕ್ಕೆ ಎಳೆದ ಗಂಟು. ಎಡದ್ದು ಬಿಚ್ಚಿ ಬಿಚ್ಚಿ ಮತ್ತೆ ಹಾಕಿದ್ದು, ನಾರು ಎದ್ದಿದೆ ನೋಡಿ.”

“ಅದು ದಿನಾ ಬೆರಳಾಡಿಸಿ ಸವೆದದ್ದು,” ಎಂದರು ಮೇಡಂ. ದನಿ ಗಡುಸಾಗಿತ್ತು. “ನಾನು ಹಾಗಂತಲೇ ಬರೆದಿದ್ದೀನಿ.”

“ಹಾಗಿದ್ರೆ ಎಲ್ಲಾ ಸವೀಬೇಕಿತ್ತಲ್ಲ ತಾಯಿ? ಒಂದು ಬಿಟ್ಟು ಒಂದು ಯಾಕೆ?”

ಮೇಡಂ ಭೂತಗನ್ನಡಿ ಹಿಡಿದು ಬಗ್ಗಿದರು. ಒಂದೊಂದೇ ಗಂಟನ್ನು ನೋಡುತ್ತ ತುದಿಯವರೆಗೂ ಹೋದರು. ಆಮೇಲೆ ನನ್ನ ಬಣ್ಣದ ಡಬ್ಬಿಗಳ ಪಕ್ಕದ ಸ್ಟೂಲಿನ ಮೇಲೆ ಕುಳಿತು, “ಒಂಬತ್ತು ವರ್ಷ,” ಎಂದರು. ನಾನು ಹೇಳಬಾರದಿತ್ತು ಅನ್ನಿಸಿತು.

ಆದರೆ ಅವರ ತಲೆ ಸುಮ್ಮನಿರುವಂಥದ್ದಲ್ಲ. ತುಸು ಹೊತ್ತಿಗೇ ಮತ್ತೆ ಎದ್ದರು. “ಸರಿ, ಜೋಡಿ ಜೋಡಿ ಅಂತೀರಿ. ಇಪ್ಪತ್ತೊಂಬತ್ತು ಜೋಡಿಗೆ ಕೂರಲ್ಲ. ಕೊನೇ ಎರಡೂ ಎಡಕ್ಕೇ ತಿರುಗಿವೆ. ನಾನು ಅದನ್ನ ಅಮಾವಾಸ್ಯೆ ಅಂದ್ಕೊಂಡಿದ್ದೆ. ನೀವೇನಂತೀರಿ?”

ಭಾವ ಹಗ್ಗದ ತುದಿಗೆ ಬಂದರು. ಇಪ್ಪತ್ತೆಂಟನೆಯದನ್ನು ಮುಟ್ಟಿ, “ಇದು ಕಲಿಯೋರ್ದು. ಬಿಚ್ಚಿ ಹಾಕಿದ್ದಾರೆ,” ಎಂದರು. ಕೊನೆಯದರ ಮೇಲೆ ಅವರ ಹೆಬ್ಬೆರಳು ನಿಂತಿತು. ತಮಾಷೆಯ ಮುಖ ಹೋಗಿಬಿಟ್ಟಿತು.

“ಇದೂ ಅದೇ ಎಡಗೈ. ಇಡೀ ಹಗ್ಗದಲ್ಲಿ ಇದೇ ಕಷ್ಟದ್ದು. ಪಕ್ಕದಲ್ಲಿ ನೋಡ್ಕೊಂಡು ಹಾಕೋಕೆ ಕಲಿಸೋರ ಬಲದ ಗಂಟು ಇಲ್ಲ. ಆದ್ರೂ ಒಂದೇ ಸಲಕ್ಕೆ ಕೂತಿದೆ.”

“ಕಲಿಸೋರು ಯಾಕೆ ಹಾಕಲಿಲ್ಲ?” ಮೇಡಂ ಕೇಳಿದರು.

“ಇನ್ನು ನೀನೇ ಹಾಕು ಅಂದಿರಬಹುದು.” ಭಾವ ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟರು. “ಇಲ್ಲಾಂದ್ರೆ, ಹಾಗನ್ನೋಕೂ ಅವರು ಇರಲಿಲ್ಲವೋ ಏನೋ. ನಮ್ಮ ಕೆಲಸದಲ್ಲಿ ಎರಡೂ ಆಗುತ್ತೆ ತಾಯಿ.”

ಸಂಜೆಯೊಳಗೆ ಹೊಸ ಫಲಕ ಬೇಕಾಯಿತು. ಮೇಡಂ ಅಚ್ಚಿನ ಮನೆಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಲು ಹೇಳಿ ಬಂದು, ನನ್ನ ಪಕ್ಕದಲ್ಲೇ ನಿಂತು ಒಂದೊಂದೇ ಪದ ಹೇಳಿದರು. ನಾನು ಬರೆದೆ: ‘ಗಂಟು ಹಾಕುವ ಪಾಠ. ಹದಿನಾಲ್ಕು ಕಲಿಸಿದವರದು, ಹದಿನೈದು ಕಲಿತವರದು.’

ಆ ಹದಿನೈದನೆಯದನ್ನು ಬಿಗಿಯುವಾಗ ಕಲಿಸಿದವರು ಪಕ್ಕದಲ್ಲಿ ನಿಂತಿದ್ದರೋ ಇಲ್ಲವೋ, ನಮಗೆ ಗೊತ್ತಿಲ್ಲ.