ಒಂದು ಬೆರಳಿನ ದೂರ

ದರ್ಜಿಯಮ್ಮನ ಹಣೆ ಚಾಪೆ ಮುಟ್ಟಲು ಇನ್ನೊಂದೇ ಬೆರಳಿನಷ್ಟು ದೂರವಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೆನ್ನು ಮರಗಟ್ಟಿ, ಸಜ್ದಾದಲ್ಲಿ ಹಣೆ ನೆಲಕ್ಕೂರಲಾಗದೆ, ನಾಲ್ಕು ವರ್ಷದಿಂದ ಕುರ್ಚಿಯಲ್ಲೇ ನಮಾಜು ಮಾಡುತ್ತಿದ್ದ ಅತ್ತೆಗೆ ಸೊಸೆ ಯೋಗ ಕಲಿಸುತ್ತಿದ್ದಳು. ಅದು ಧರ್ಮಕ್ಕೆ ಸರಿಯೋ ತಪ್ಪೋ ನೋಡಿ ಹೇಳಿ ಎಂದು ದರ್ಜಿಯಮ್ಮನೇ ಕರೆಸಿದ್ದ ಮೌಲ್ವಿಗಳು ಬಾಗಿಲಲ್ಲಿ ನಿಂತಿದ್ದರು.

"ಬಾಯಲ್ಲಿ ಏನು ಹೇಳಿಸ್ತೀಯಮ್ಮಾ?" ಎಂದು ಸೊಸೆಯನ್ನು ಕೇಳಿದರು.

"ನಾನು ಒಂದು, ಎರಡು ಅಂತ ಎಣಿಸ್ತೀನಿ. ಅತ್ತೆ 'ಅಯ್ಯೋ, ಸತ್ತೆ' ಅಂತಾರೆ, ಅಷ್ಟೇ."

ಮೌಲ್ವಿಗಳು ನಕ್ಕು, "ಹಾಗಾದ್ರೆ ಇದು ಬರೀ ವ್ಯಾಯಾಮ" ಎನ್ನುವಷ್ಟರಲ್ಲಿ ಹಣೆ ಚಾಪೆ ಮುಟ್ಟಿತು. ದರ್ಜಿಯಮ್ಮ ಮೇಲೇಳಲಿಲ್ಲ. ಅವಳ ಭುಜಗಳು ಅದುರುತ್ತಿದ್ದವು, ತುಟಿ ಅಲ್ಲಾಹನನ್ನು ಸ್ತುತಿಸುತ್ತಿತ್ತು. ಗಾಬರಿಯಿಂದ ಎಬ್ಬಿಸಲು ಹೋದ ಸೊಸೆಯನ್ನು ಮೌಲ್ವಿಗಳು ಕೈಸನ್ನೆಯಲ್ಲೇ ತಡೆದರು.

"ಬಿಡಮ್ಮಾ, ಅವರು ಸಜ್ದಾದಲ್ಲಿದ್ದಾರೆ" ಎಂದು ಪಿಸುಗುಟ್ಟಿ, ಚಪ್ಪಲಿ ಕಳಚಿ ತಲೆಬಾಗಿ ನಿಂತರು.