ಹಂದಿ ಹಾರಿತು

ಗೇಟಿನ ಪಕ್ಕದ ಬಿಳಿ ಗೋಡೆಯ ಮೇಲೆ ಇದ್ದಿಲಲ್ಲಿ ಎರಡೇ ಪದ ಬರೆದಿತ್ತು: ‘ಹಂದಿ ಹಾರಿತು’. ಮನೆಯ ಯಜಮಾನ ಅಚ್ಯುತನ್ ಓದಿ ಬೆವರಿದ. ವಯನಾಡಿನಲ್ಲಿ ನಕ್ಸಲರ ದಾಳಿ ನಡೆದು ವರ್ಷ ತುಂಬಿರಲಿಲ್ಲ. ಜಮೀನ್ದಾರರಿಗೆ ಗೋಡೆಯ ಕಲೆಯೂ ಕೋವಿಯಂತೆ ಕಾಣುತ್ತಿದ್ದ ಕಾಲ. ಬಿಸಿಲೇರುವುದರೊಳಗೆ ಮೀನಂಗಡಿ ಪೇಟೆಯ ಠಾಣೆಯಿಂದ ಇನ್ಸ್‌ಪೆಕ್ಟರ್ ಶ್ರೀಧರನ್ ಜೀಪಿನಲ್ಲಿ ಬಂದಿಳಿದ.

ಹಂದಿಯ ಕಥೆ ಊರಿಗೆಲ್ಲ ಗೊತ್ತಿತ್ತು. ಹಿಂದಿನ ವಾರ ಕಾಡುನಾಯ್ಕರ ಚಾತನ್ ಅಂಗಳಕ್ಕೆ ಬಂದು, ತನ್ನಪ್ಪ ಕಾಡು ಕಡಿದು ಹಸನು ಮಾಡಿದ್ದ ಹಳ್ಳದ ಬದಿಯ ಗದ್ದೆಯನ್ನು ಕೇಳಿದ್ದ. ಒಂದು ಟ್ರಂಕು, ಬಾಯ್ತುಂಬ ಇಂಗ್ಲಿಷು ಹೊತ್ತು ಅಳಿಯನಾಗಿ ಘಟ್ಟ ಹತ್ತಿ ಬಂದಿದ್ದ ಅಚ್ಯುತನ್, ‘ವೆನ್ ಪಿಗ್ಸ್ ಫ್ಲೈ’ ಎಂದು ತನ್ನ ಮಾತಿಗೆ ತಾನೇ ನಕ್ಕಿದ್ದ. ಬಾಗಿಲಲ್ಲಿದ್ದ ಹೆಂಡತಿ ಲೀಲ ನಗಲಿಲ್ಲ. ಇವಳಿಗೆಲ್ಲಿ ಅರ್ಥವಾಗಬೇಕು ಎಂದುಕೊಂಡ.

ಚಾತನ್ ಶಾಲೆಯ ಮೇಷ್ಟರು ಬಾಲಕೃಷ್ಣನ್ ಬಳಿ ಹೋಗಿ ಅರ್ಥ ಕೇಳಿದ. ಹಂದಿ ಹಾರಿದಾಗ ಕೊಡುತ್ತೇನೆ ಎಂದರೆ ಯಾವತ್ತೂ ಕೊಡುವುದಿಲ್ಲ ಅಂತ ಅರ್ಥ, ಎಂದರು ಮೇಷ್ಟರು. ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲಿಷರು, ಹಂದಿ ಬಾಲ ಮುಂದು ಮಾಡಿ ಹಾರುತ್ತದೆ ಎಂದು ಅಣಕಿಸುತ್ತಿದ್ದರಂತೆ. ಬರಬರುತ್ತ ಬಾಲ ಉದುರಿ ಹಾರಾಟವಷ್ಟೇ ಉಳಿಯಿತಂತೆ.

“ನಮ್ಮ ಕಾಡಾಗೆ ಹಂದಿ ಓಡ್ತದೆ ಮಾಷೆ,” ಎಂದ ಚಾತನ್. “ಹಾರಿದ್ದು ನಾ ಕಂಡಿಲ್ಲ.”

ಇನ್ಸ್‌ಪೆಕ್ಟರಿಗೆ ಲೆಕ್ಕ ಸುಲಭವಾಯಿತು. ಚಾತನಿಗೆ ಅಕ್ಷರ ಬಾರದು. ಮೇಷ್ಟರಿಗೆ ಅಕ್ಷರವೂ ಬರುತ್ತದೆ, ಅರ್ಥವೂ ಗೊತ್ತು. ಬೆದರಿಕೆ ಬರೆದವರು ಇವರೇ. ಕಾನ್‌ಸ್ಟೆಬಲ್‌ಗಳು ಮೇಷ್ಟರನ್ನು ಅಚ್ಯುತನ್ ಮನೆಯಂಗಳಕ್ಕೆ ಎಳೆತಂದರು. ಮೊದಲ ಏಟಿಗೆ ಕನ್ನಡಕ ಬಿತ್ತು. ಹಂದಿ ಯಾರ ಗುಪ್ತನಾಮ, ದಾಳಿ ಯಾವಾಗ ಎಂದು ಗದರಿಸಿ ಕೇಳಿದರು.

“ಬೆದರಿಸುವವನು ‘ಹಾರುತ್ತದೆ’ ಅಂತ ಬರೀತಾನೆ,” ಎಂದರು ಮೇಷ್ಟರು, ತುಟಿಯ ರಕ್ತ ಒರೆಸಿಕೊಂಡು. “ಇಲ್ಲಿರೋದು ‘ಹಾರಿತು’.”

ಎರಡನೆಯ ಏಟು ವ್ಯಾಕರಣಕ್ಕೆ ಬಿತ್ತು.

ಜಗಲಿಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿದ್ದ ಅಚ್ಯುತನಿಗೆ ಈಗ ಬೆವರು ಆರಿತ್ತು. ಈ ಮೇಷ್ಟರೇ ಕಾಡಿನವರ ತಲೆ ಕೆಡಿಸುತ್ತಿರುವುದು, ತನ್ನ ಗದ್ದೆಯ ಒಂದು ಹಿಡಿ ಮಣ್ಣೂ ಅವರಿಗೆ ದಕ್ಕದು ಎಂದು ಇನ್ಸ್‌ಪೆಕ್ಟರಿಗೆ ಸಾವಕಾಶವಾಗಿ ವಿವರಿಸಿದ.

ಲೀಲ ಚಹಾ ತಂದಳು. ಜಗಲಿಯಲ್ಲಿ ನಿಲ್ಲದೆ ನೇರ ಅಂಗಳಕ್ಕಿಳಿದು, ಲೋಟವನ್ನು ಮೇಷ್ಟರ ಕೈಗಿಟ್ಟಳು. ಕಾನ್‌ಸ್ಟೆಬಲ್‌ಗಳು ಹಿಂದೆ ಸರಿದರು.

“ಅವರನ್ನ ಬಿಡಿ, ಬರೆದದ್ದು ನಾನು,” ಎಂದಳು. “ಗದ್ದೆ ನನ್ನಪ್ಪ ನನಗೆ ಬಿಟ್ಟುಹೋದದ್ದು, ನಿನ್ನೆ ಬತ್ತೇರಿಗೆ ಹೋಗಿ ಚಾತನ ಹೆಸರಿಗೆ ರಿಜಿಸ್ಟರ್ ಮಾಡಿಸಿ ಬಂದೆ.”